ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೆಯ ಕಾರಿನ ಗೇರ್‌ಬಾಕ್ಸ್ ಸದ್ದಿನ ಕುರಿತು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿ ನಕ್ಕವರೇ. ಹಳೆಯ ಸ್ಪೋರ್ಟ್ಸ್ ಕಾರುಗಳ ಗೇರ್‌ಬಾಕ್ಸ್ ರಿಪೇರಿಯಲ್ಲಿ ಇದು ಹಾಸ್ಯದ ಮಾತಲ್ಲ, ಪದೇ ಪದೇ ನಡೆಯುವ ಸಂಗತಿ. ಕಾರಿನ ನಡುಭಾಗದಿಂದ ಅಪರಿಚಿತ ಸದ್ದೊಂದು ಬಂತೆಂದರೆ ಸಾಕು, "ಗೇರ್‌ಬಾಕ್ಸ್ ಹೋಯಿತು, ಇಳಿಸಬೇಕು" ಎಂಬ ತೀರ್ಪು ಹೊರಬೀಳುತ್ತದೆ. ಸದ್ದು ಯಾವಾಗ ಹುಟ್ಟುತ್ತದೆ, ಯಾವಾಗ ಅಡಗುತ್ತದೆ ಎಂದು ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಆ ವಿಚಾರಣೆ ಮುಗಿದು, ಅದರ ಫಲಿತಾಂಶವನ್ನು ಕಾಗದದ ಮೇಲೆ ಬರೆದಿಡುವವರೆಗೆ ಒಂದು ನಟ್ಟನ್ನೂ ಸಡಿಲಿಸಕೂಡದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಶಾಲೆಯ ಮೇಷ್ಟ್ರಿಗೆ ಗೇರ್‌ಬಾಕ್ಸಿನ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ 1972ರ ಒಂದು ಎಂ.ಜಿ.ಬಿ. ಕಾರನ್ನು ಕೊಂಡಿದ್ದಾನೆ. ಅದು ಗಂಟೆಗೆ ಮೂವತ್ತು ಮೈಲಿ ದಾಟಿದೊಡನೆ ಗೋಳಿಡಲು ಆರಂಭಿಸಿತಂತೆ. ಅಲ್ಲಿನ ಒಂದು ವರ್ಕ್‌ಶಾಪಿನವರು ರಸ್ತೆಯಲ್ಲಿ ಐದು ನಿಮಿಷ ಓಡಿಸಿ, ಗೇರ್‌ಬಾಕ್ಸನ್ನೇ ಬದಲಾಯಿಸಬೇಕೆಂದು ಹೇಳಿ ದೊಡ್ಡ ಮೊತ್ತದ ಅಂದಾಜುಪಟ್ಟಿ ಕೊಟ್ಟರಂತೆ. "ಮೇಷ್ಟ್ರೇ, ನೀವು ಲ್ಯಾಬಿನಲ್ಲಿ ಕಲಿಸಿದ ಹಾಗೆ ಯೋಚಿಸಿದರೆ ಇದಕ್ಕೆ ಏನಾದರೂ ದಾರಿ ಉಂಟೇ?" ಎಂದು ಆತ ಕೇಳಿ ಬರೆದಿದ್ದ. ಆ ಪ್ರಶ್ನೆಯಿಂದ ಆರಂಭವಾದ ಪತ್ರವ್ಯವಹಾರವೇ ಈ ಬರಹಕ್ಕೆ ಪ್ರೇರಣೆ.

ಎಂ.ಜಿ. ಎಂದರೆ ಮೋರಿಸ್ ಗ್ಯಾರೇಜಸ್. ಇಂದು ನಮ್ಮ ರಸ್ತೆಗಳಲ್ಲಿ ಕಾಣುವ ಎಂ.ಜಿ. ಕಾರುಗಳಿಗೂ ಆ ಹಳೆಯ ಆಕ್ಸ್‌ಫರ್ಡ್ ಸಂಸ್ಥೆಗೂ ಹೆಸರಿನ ನಂಟಷ್ಟೇ ಉಳಿದಿದೆ. ಎಂ.ಜಿ.ಬಿ. ಎಂಬುದು 1962ರಿಂದ 1980ರವರೆಗೆ ಆಕ್ಸ್‌ಫರ್ಡಿನ ಸಮೀಪದ ಆಬಿಂಗ್‌ಡನ್ ಊರಿನ ಕಾರ್ಖಾನೆಯಲ್ಲಿ ತಯಾರಾದ ಎರಡು ಬಾಗಿಲಿನ ಕಾರು. ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ನಮ್ಮ ಕಡೆಯವರಿಗೆ ಇದು ತೀರ ಪರಕೀಯವೂ ಅಲ್ಲ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ನಮ್ಮ ಅಂಬಾಸಿಡರ್ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನೂ, ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ' ಸರಣಿ ಎಂಬ ಒಂದೇ ವಂಶಕ್ಕೆ ಸೇರಿದವು. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದ ಚಾಲಕರು ಗಾಡಿಯ ಸ್ವರ ಕೇಳಿಯೇ ಗೇರ್ ಬದಲಿಸುತ್ತಿದ್ದುದನ್ನು ಹಿಂದಿನ ಸೀಟಿನಲ್ಲಿ ಕುಳಿತು ನೋಡಿದವರು ನಮ್ಮ ಬಂಧುಗಳಲ್ಲಿ ಅನೇಕರಿದ್ದಾರೆ.

ರೋಗನಿರ್ಣಯ ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. ಎಂ.ಜಿ.ಬಿ.ಯಲ್ಲಿ ಗೇರ್‌ಬಾಕ್ಸನ್ನು ಮಾತ್ರ ಕೆಳಗಿನಿಂದ ಇಳಿಸಿ ತೆಗೆಯಲು ಬರುವುದಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಕೂಡಿಸಿಯೇ ಮೇಲಕ್ಕೆತ್ತುವುದು ವಾಡಿಕೆ. ರೇಡಿಯೇಟರ್, ಪೈಪುಗಳು, ತಂತಿಗಳು, ಎಕ್ಸಾಸ್ಟ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲವೂ ಬಿಚ್ಚಿಕೊಳ್ಳಬೇಕು. ಇಷ್ಟೆಲ್ಲ ಮಾಡಿ, ಹಣ ತೆತ್ತು, ಮತ್ತೆ ಜೋಡಿಸಿ ರಸ್ತೆಗೆ ತಂದಾಗ ಅದೇ ಸದ್ದು ಅದೇ ಸ್ವರದಲ್ಲಿ ಕೇಳಿದರೆ ಮಾಲೀಕನ ಸ್ಥಿತಿ ಏನಾದೀತು? ಎಷ್ಟೋ ಮಂದಿ ಇಂಥ ಹೊತ್ತಿನಲ್ಲಿಯೇ ಹಳೆಯ ಕಾರನ್ನು ಬಂದ ಬೆಲೆಗೆ ಮಾರಿ ಕೈತೊಳೆದುಕೊಳ್ಳುತ್ತಾರೆ.

ಮೊದಲು ಒಳಗಿನ ರಚನೆಯನ್ನು ತಿಳಿಯೋಣ. ಕ್ಲಚ್ಚಿನ ಕಡೆಯಿಂದ ಎಂಜಿನ್ನಿನ ಬಲವನ್ನು ಒಳಗೆ ತರುವುದು ಇನ್‌ಪುಟ್ ಶಾಫ್ಟ್. ಅದೇ ಸಾಲಿನಲ್ಲಿ ಹಿಂದಕ್ಕಿದ್ದು ಬಲವನ್ನು ಹಿಂದಿನ ಚಕ್ರಗಳತ್ತ ಒಯ್ಯುವುದು ಮೇನ್ ಶಾಫ್ಟ್. ಇವೆರಡಕ್ಕೂ ಸಮಾಂತರವಾಗಿ ಕೆಳಗೆ ಲೇ ಶಾಫ್ಟ್ ಎಂಬ ಉಕ್ಕಿನ ಸಲಾಕೆ ಇದೆ. ಸಲಾಕೆ ತಿರುಗುವುದಿಲ್ಲ. ಅದರ ಮೇಲೆ, ಸೂಜಿಯಂಥ ಸಣ್ಣ ರೋಲರುಗಳ ಆಧಾರದಲ್ಲಿ, ಹಲವು ಹಲ್ಲುಚಕ್ರಗಳು ಒಂದೇ ತುಂಡಾಗಿ ಕೂಡಿರುವ ಲೇ ಗೇರ್ ತಿರುಗುತ್ತದೆ. ಒಂದು, ಎರಡು, ಮೂರನೆಯ ಗೇರುಗಳಲ್ಲಿ ಬಲವು ಇನ್‌ಪುಟ್ ಶಾಫ್ಟಿನಿಂದ ಲೇ ಗೇರಿಗೆ ಇಳಿದು, ಅಲ್ಲಿಂದ ಮೇನ್ ಶಾಫ್ಟಿಗೆ ಏರುತ್ತದೆ. ನಾಲ್ಕನೆಯ ಗೇರಿನಲ್ಲಿ ಮಾತ್ರ ಇನ್‌ಪುಟ್ ಶಾಫ್ಟೂ ಮೇನ್ ಶಾಫ್ಟೂ ನೇರವಾಗಿ ಜೋಡಿಕೊಳ್ಳುತ್ತವೆ. ಆಗಲೂ ಲೇ ಗೇರ್ ತಿರುಗುತ್ತಲೇ ಇರುತ್ತದೆ, ಆದರೆ ಅದರ ಮೇಲೆ ಹೊರೆ ಇರುವುದಿಲ್ಲ. ಈ ಒಂದು ಪ್ಯಾರಾ ಮನದಟ್ಟಾದರೆ ಮುಂದಿನದೆಲ್ಲ ತರ್ಕ ಮಾತ್ರ: ಯಾವ ಸ್ಥಿತಿಯಲ್ಲಿ ಯಾವ ಭಾಗ ತಿರುಗುತ್ತಿದೆ, ಯಾವುದರ ಮೇಲೆ ಹೊರೆ ಇದೆ, ಯಾವುದು ನಿಂತಿದೆ ಎಂದು ಕೇಳುತ್ತ ಹೋಗುವುದು.

ಸದ್ದಿಗೆ ಸರಿಯಾದ ಹೆಸರಿಡುವುದು ಎರಡನೆಯ ಕೆಲಸ. ಇದರಲ್ಲಿ ಕನ್ನಡಿಗರಾದ ನಮಗೆ ಬಡತನವಿಲ್ಲ. ವ್ಯಾಕರಣದ ತರಗತಿಯಲ್ಲಿ ಅನುಕರಣಾವ್ಯಯಗಳನ್ನು ಬಾಯಿಪಾಠ ಮಾಡಿದವರು ಅವನ್ನು ಇಲ್ಲಿ ಉಪಯೋಗಿಸಿಕೊಳ್ಳಬಹುದು. ಸವೆದ ಬೇರಿಂಗು ಗರಗರ ಎನ್ನುತ್ತದೆ, ಬೀಸುವ ಕಲ್ಲಿನಂತೆ. ಹಲ್ಲುಗಳ ಮೇಲ್ಮೈ ಸವೆದಾಗ ಗುಂಯ್ ಎಂದು ಒಂದೇ ಶ್ರುತಿಯಲ್ಲಿ ಹಾಡುತ್ತದೆ. ಒಂದು ಹಲ್ಲು ಮುರಿದಿದ್ದರೆ ಟಕ್ ಟಕ್ ಎಂದು ಲೆಕ್ಕವಿಟ್ಟಂತೆ ಬಡಿಯುತ್ತದೆ. ಸಡಿಲವಾದ ಭಾಗ ಕಟಕಟ ಎನ್ನುತ್ತದೆ. ಗೇರ್ ಬೀಳುವಾಗ ಹಲ್ಲಿಗೆ ಹಲ್ಲು ತಾಗಿದರೆ ಕರ್ರ್ ಎನ್ನುತ್ತದೆ. ಇವೆಲ್ಲವನ್ನೂ 'ಸೌಂಡ್ ಬರ್ತಿದೆ' ಎಂಬ ಒಂದೇ ಮಾತಿನಲ್ಲಿ ಮುಗಿಸಿದರೆ ಅರ್ಧ ಸಾಕ್ಷ್ಯ ಅಲ್ಲಿಯೇ ನಾಶವಾಗುತ್ತದೆ.

ಶ್ರುತಿಯ ಲೆಕ್ಕ ಎಂಟನೆಯ ತರಗತಿಯವರೂ ಮಾಡಬಲ್ಲದ್ದು. ಇಪ್ಪತ್ತು ಹಲ್ಲಿನ ಚಕ್ರವೊಂದು ನಿಮಿಷಕ್ಕೆ 3000 ಸುತ್ತು ಹಾಕುತ್ತಿದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 50 ಸುತ್ತು. ಪ್ರತಿ ಸುತ್ತಿಗೆ ಇಪ್ಪತ್ತು ಹಲ್ಲುಗಳ ಸ್ಪರ್ಶ. ಆದ್ದರಿಂದ ಕೇಳುವ ಸ್ವರ 1000 ಹರ್ಟ್ಸ್. ಅದೇ ಚಕ್ರದಲ್ಲಿ ಒಂದೇ ಹಲ್ಲು ಮುರಿದಿದ್ದರೆ ಬಡಿತ ಸೆಕೆಂಡಿಗೆ 50 ಮಾತ್ರ. ಈಗ ಮೊಬೈಲ್ ಫೋನಿನಲ್ಲಿಯೇ ಸ್ವರದ ಆವರ್ತವನ್ನು ತೋರಿಸುವ ತಂತ್ರಾಂಶಗಳಿವೆ. ಆದರೆ ಆ ಕ್ಷಣದ ಎಂಜಿನ್ ಸುತ್ತು, ಕಾರಿನ ವೇಗ, ಗೇರ್ ಇವಿಷ್ಟನ್ನೂ ಬರೆದುಕೊಳ್ಳದೆ ಮುದ್ರಿಸಿದ ಧ್ವನಿಗೆ ನಾಡಿ ನೋಡದೆ ತೆಗೆದ ರೋಗಿಯ ಭಾವಚಿತ್ರಕ್ಕಿಂತ ಹೆಚ್ಚಿನ ಬೆಲೆಯಿಲ್ಲ.

ಇನ್ನು ಪರೀಕ್ಷೆಗಳು. ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ. ಕ್ಲಚ್ಚಿನ ಮೇಲೆ ಕಾಲಿಲ್ಲ. ಆಗ ಇನ್‌ಪುಟ್ ಶಾಫ್ಟೂ ಲೇ ಗೇರೂ ತಿರುಗುತ್ತಿರುತ್ತವೆ; ಮೇನ್ ಶಾಫ್ಟ್ ನಿಂತಿರುತ್ತದೆ. ಗರಗರ ಸದ್ದು ಕೇಳುತ್ತಿದ್ದು, ಕ್ಲಚ್ ತುಳಿದ ಒಂದೆರಡು ಕ್ಷಣದಲ್ಲಿ ಅದು ಅಡಗಿದರೆ ಅನುಮಾನ ಇನ್‌ಪುಟ್ ಶಾಫ್ಟಿನ ಬೇರಿಂಗ್ ಅಥವಾ ಲೇ ಗೇರಿನ ಸೂಜಿ ರೋಲರುಗಳ ಮೇಲೆ. ಇದಕ್ಕೆ ವಿರುದ್ಧವಾಗಿ, ಕ್ಲಚ್ ಬಿಟ್ಟಾಗ ಮೌನವಾಗಿದ್ದು ಪೆಡಲಿಗೆ ಕಾಲು ತಾಗಿಸಿದೊಡನೆ ಸದ್ದು ಹುಟ್ಟಿದರೆ, ಅದು ಕ್ಲಚ್ಚಿನ ರಿಲೀಸ್ ಬೇರಿಂಗ್. ಎಂ.ಜಿ.ಬಿ.ಯಲ್ಲಿ ಇದು ಗುಂಡುಗಳಿರುವ ಬೇರಿಂಗ್ ಅಲ್ಲ, ಇಂಗಾಲದ ಒಂದು ಉಂಗುರ, ಅದಕ್ಕೂ ಸವೆತವುಂಟು. ಪೆಡಲನ್ನು ಪೂರ್ತಿ ತುಳಿದು ಗೇರಿಗೆ ಹಾಕಿ ನಿಂತಾಗ ಮಾತ್ರ ಕಿರ್ರೆನ್ನುವುದಾದರೆ, ಇನ್‌ಪುಟ್ ಶಾಫ್ಟಿನ ತುದಿ ಕುಳಿತಿರುವ ಸಣ್ಣ ಬುಷ್ಷನ್ನು ಅನುಮಾನಿಸಬೇಕು. ಆ ಸ್ಥಿತಿಯಲ್ಲಿ ಎಂಜಿನ್ನಿನ ಕ್ರ್ಯಾಂಕ್ ತಿರುಗುತ್ತಿದ್ದು ಶಾಫ್ಟ್ ನಿಂತಿರುವುದರಿಂದ ಉಜ್ಜಾಟವಿರುವುದು ಅಲ್ಲಿ.

ಮುಂದಿನ ಪರೀಕ್ಷೆ ರಸ್ತೆಯಲ್ಲಿ. ಒಂದು, ಎರಡು, ಮೂರನೆಯ ಗೇರುಗಳಲ್ಲಿ ಎಳೆಯುವಾಗ ಗಟ್ಟಿಯಾಗಿದ್ದ ಸದ್ದು ನಾಲ್ಕನೆಯದರಲ್ಲಿ ಬಹುಮಟ್ಟಿಗೆ ಅಡಗಿದರೆ ಅದು ಲೇ ಗೇರ್ ಕೊಟ್ಟ ತಪ್ಪೊಪ್ಪಿಗೆ ಎಂದೇ ತಿಳಿಯಬಹುದು. ಹೊರೆ ಇಳಿದಾಗ ನರಳಾಟ ನಿಂತಿದೆ. ಒಂದೇ ಗೇರಿನಲ್ಲಿ ಮಾತ್ರ ಸದ್ದಿದ್ದರೆ ಆ ಗೇರಿನ ಹಲ್ಲುಗಳನ್ನು ನೋಡಬೇಕು. ಎಲ್ಲ ಗೇರುಗಳಲ್ಲಿಯೂ ಒಂದೇ ಸಮನಾಗಿದ್ದರೆ ವಿಚಾರಣೆಯನ್ನು ಇನ್ನೊಂದು ಹೆಜ್ಜೆ ಮುಂದುವರಿಸಬೇಕು. ಗಂಟೆಗೆ 40 ಮೈಲಿ ವೇಗವನ್ನು ಒಮ್ಮೆ ನಾಲ್ಕನೆಯ ಗೇರಿನಲ್ಲಿ, ಒಮ್ಮೆ ಮೂರನೆಯದರಲ್ಲಿ ಹಿಡಿಯಿರಿ. ಮೊದಲನೆಯದರಲ್ಲಿ ಎಂಜಿನ್ ಸುಮಾರು 2200 ಸುತ್ತಿನಲ್ಲಿಯೂ, ಎರಡನೆಯದರಲ್ಲಿ ಸುಮಾರು 3000 ಸುತ್ತಿನಲ್ಲಿಯೂ ಇರುತ್ತದೆ. ಸದ್ದಿನ ಶ್ರುತಿ ಎಂಜಿನ್ನಿನೊಡನೆ ಏರಿದರೆ ಕಾರಣ ಮುಂದಿದೆ. ಶ್ರುತಿ ಬದಲಾಗದೆ ಹಾಗೆಯೇ ಇದ್ದರೆ ಕಾರಣ ಮೇನ್ ಶಾಫ್ಟಿನಿಂದ ಹಿಂದಕ್ಕೆ ಎಲ್ಲಿಯೋ ಇದೆ. ಆಗ ಖಾಲಿಯಾದ ಸಮತಟ್ಟಾದ ರಸ್ತೆಯಲ್ಲಿ, ಎಂಜಿನ್ ಆರಿಸದೆ, ಕ್ಷಣಕಾಲ ನ್ಯೂಟ್ರಲ್‌ಗೆ ತಂದು ಕೇಳಿ. ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಎನ್ನುವ ಸದ್ದು ಸಾಮಾನ್ಯವಾಗಿ ಹಿಂದಿನ ಆಕ್ಸಲ್ಲಿನದು. ತಿರುವುಗಳಲ್ಲಿ ಹೆಚ್ಚು ಕಡಿಮೆಯಾದರೆ ಚಕ್ರದ ಬೇರಿಂಗು. ಡಾಂಬರಿನ ಮೇಲ್ಮೈ ಬದಲಾದಾಗ ಬದಲಾದರೆ ಟೈರು.

ನನ್ನ ವಿದ್ಯಾರ್ಥಿಗೆ ಈ ಪ್ರಶ್ನೆಗಳನ್ನೇ ಒಂದರ ಕೆಳಗೊಂದು ಬರೆದು ಕಳುಹಿಸಿದೆ. ಎರಡು ಭಾನುವಾರ ಪರೀಕ್ಷಿಸಿ ಆತ ಉತ್ತರ ಬರೆದ. ನಿಂತ ಕಾರಿನಲ್ಲಿ ಸದ್ದಿಲ್ಲ. ಮೂರು, ನಾಲ್ಕನೆಯ ಗೇರುಗಳಲ್ಲಿ 40 ಮೈಲಿಯಲ್ಲಿ ಶ್ರುತಿ ಒಂದೇ. ನ್ಯೂಟ್ರಲ್‌ನಲ್ಲಿ ಸಾಗುವಾಗಲೂ ಸದ್ದುಂಟು. ಆಕ್ಸಿಲರೇಟರ್ ಬಿಟ್ಟಾಗ ಗೋಳು ಹೆಚ್ಚುತ್ತದೆ. ಈ ನಾಲ್ಕು ಸಾಲುಗಳನ್ನು ಕೈಯಲ್ಲಿ ಹಿಡಿದು ಬೇರೊಬ್ಬ ಮೆಕ್ಯಾನಿಕ್ಕಿನ ಬಳಿಗೆ ಹೋದ. ಅವರು ಹಿಂದಿನ ಆಕ್ಸಲ್ ತೆರೆದು ನೋಡಿದಾಗ ಪಿನಿಯನ್ನಿನ ಬೇರಿಂಗ್ ಸವೆದಿತ್ತು. ಎಂಜಿನ್ನಿನ ಒಂದು ಬೋಲ್ಟೂ ಅಲುಗಾಡಲಿಲ್ಲ. ಗೇರ್‌ಬಾಕ್ಸ್ ನಿರಪರಾಧಿ.

ನಿರಪರಾಧಿಗೆ ಶಿಕ್ಷೆಯಾಗುವ ಇನ್ನೂ ಕೆಲವು ಸಂದರ್ಭಗಳಿವೆ. ರಿವರ್ಸ್ ಹಾಕುವಾಗ ಕರ್ರ್ ಎಂದರೆ ಸಿಂಕ್ರೊಮೆಶ್ ಹೋಗಿದೆ ಎನ್ನುವವರುಂಟು; ರಿವರ್ಸಿಗೆ ಸಿಂಕ್ರೊಮೆಶ್ಶೇ ಇಲ್ಲ. ಕ್ಲಚ್ ತುಳಿದು ಮೂರು ನಾಲ್ಕು ಸೆಕೆಂಡು ಕಾದು ಹಾಕಿದಾಗಲೂ ಕರ್ರೆಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಅದಕ್ಕೆ ಕಾರಣ ಹೊರಗಡೆಯೇ ಇರುವ ಸ್ಲೇವ್ ಸಿಲಿಂಡರ್ ಅಥವಾ ಮೆದುವಾದ ರಬ್ಬರ್ ಹೋಸ್ ಇರಬಹುದು. ಎಂಜಿನ್ ಇಳಿಸದೆಯೇ ಸರಿಪಡಿಸಬಹುದು. ನಿಂತಲ್ಲಿ ಕಟಕಟ ಎನ್ನುವುದು ಎಷ್ಟೋ ಸಲ ಎರಡು ಎಸ್.ಯು. ಕಾರ್ಬ್ಯುರೇಟರುಗಳ ಹೊಂದಾಣಿಕೆ ತಪ್ಪಿದ್ದರಿಂದ. ಎಂಜಿನ್ ಮುಗ್ಗರಿಸುತ್ತ ತಿರುಗಿದಾಗ ಗೇರಿನ ಹಲ್ಲುಗಳ ನಡುವಿನ ಸಹಜವಾದ ಸಡಿಲು ಕಟಕಟಿಸುತ್ತದೆ. ಗೇರ್ ಲಿವರಿನ ಬುಡದ ಸವೆದ ಬುಷ್ಷೂ, ಕಾರಿನ ಮೈಗೆ ತಾಗುತ್ತಿರುವ ಎಕ್ಸಾಸ್ಟ್ ಪೈಪೂ ಇದೇ ಬಗೆಯ ಸುಳ್ಳುಸಾಕ್ಷಿಗಳು.

ಕೆಲವು ಸದ್ದುಗಳಂತೂ ರೋಗವೇ ಅಲ್ಲ. 1967ರವರೆಗಿನ ಎಂ.ಜಿ.ಬಿ.ಗಳಲ್ಲಿ ಮೊದಲನೆಯ ಗೇರಿಗೆ ಸಿಂಕ್ರೊಮೆಶ್ ಇರಲಿಲ್ಲ, ಅದರ ಹಲ್ಲುಗಳು ನೇರವಾಗಿ ಕೊರೆದವು. ಓರೆ ಹಲ್ಲುಗಳು ಸ್ವಲ್ಪ ಸ್ವಲ್ಪವಾಗಿ ಒಂದನ್ನೊಂದು ಹಿಡಿಯುತ್ತವೆ, ಆದ್ದರಿಂದ ಮೆಲ್ಲಗಿರುತ್ತವೆ. ನೇರ ಹಲ್ಲುಗಳು ಉದ್ದಕ್ಕೂ ಒಮ್ಮೆಗೇ ತಾಗುತ್ತವೆ, ಆದ್ದರಿಂದ ಗುಂಯ್‌ಗುಡುತ್ತವೆ. ರಿವರ್ಸಿನ ಸಿಳ್ಳಿಗೂ ಇದೇ ಕಾರಣ. ಇಂದಿನ ಕಾರುಗಳ ಮೌನಕ್ಕೆ ಒಗ್ಗಿಹೋದ ಕಿವಿಗೆ ಇದು ದೋಷವೆಂದು ಕೇಳಿಸುತ್ತದೆ. ಹೊಸದಾಗಿ ಕಾರ್ಖಾನೆಯಿಂದ ಹೊರಬಂದ ದಿನವೂ ಅದು ಹೀಗೆಯೇ ಹಾಡುತ್ತಿತ್ತು.

ವರ್ಕ್‌ಶಾಪಿನವರ ವಾದವನ್ನೂ ಕೇಳಬೇಕು. ಅವರ ಸಮಯಕ್ಕೆ ಬೆಲೆಯಿದೆ. ಒಂದು ಸದ್ದಿನ ಹಿಂದೆ ಎರಡು ದಿನ ಅಲೆಯುವುದಕ್ಕಿಂತ ಇಡೀ ಪೆಟ್ಟಿಗೆಯನ್ನೇ ಬದಲಾಯಿಸುವುದು ಅಗ್ಗ ಎನ್ನುತ್ತಾರೆ. ಲೆಕ್ಕದ ದೃಷ್ಟಿಯಿಂದ ಇದರಲ್ಲಿ ಹುರುಳಿದೆ. ಎಂಜಿನ್ ಹೊರಬಂದ ಮೇಲೆ ಕ್ಲಚ್, ರಿಲೀಸ್ ಬೇರಿಂಗ್, ಆಯಿಲ್ ಸೀಲುಗಳನ್ನು ಬದಲಾಯಿಸಿಬಿಡುವುದು ಜಾಣತನವೇ. ಆದರೆ ಈ ಲೆಕ್ಕ ಸರಿಯಾಗುವುದು ದೋಷ ಆ ಪೆಟ್ಟಿಗೆಯಲ್ಲಿಯೇ ಇದ್ದಾಗ. ಅದಲ್ಲದೆ ಬದಲಿಗೆ ಬರುವ ಪೆಟ್ಟಿಗೆಯೂ ಹೊಸದಲ್ಲ, ಯಾರೋ ಎಂದೋ ಬಿಚ್ಚಿ ಜೋಡಿಸಿದ್ದು. ನಮ್ಮ ಪೆಟ್ಟಿಗೆಯ ಚರಿತ್ರೆ ನಮಗೆ ಗೊತ್ತು. ಅದನ್ನು ಕೊಟ್ಟು ಚರಿತ್ರೆ ತಿಳಿಯದ ಇನ್ನೊಂದನ್ನು ತರುವುದು ಎಷ್ಟರ ಮಟ್ಟಿಗೆ ವಿವೇಕ? ಪರೀಕ್ಷೆಗೆ ಹಿಡಿಯುವ ಹೊತ್ತಿಗೆ ಮಾಲೀಕ ಹಣ ಕೊಡಲು ಸಿದ್ಧನಿರಬೇಕು, ಮೆಕ್ಯಾನಿಕ್ ಆ ಹಣವನ್ನು ಸಂಕೋಚವಿಲ್ಲದೆ ಕೇಳಬೇಕು. ಬಿಡಿಭಾಗಕ್ಕೆ ಹಣ ತೆರುವವರು ಯೋಚನೆಗೆ ತೆರುವುದಿಲ್ಲ ಎನ್ನುವುದೇ ಈ ರೋಗದ ಮೂಲವೆಂದು ನನಗೆ ತೋರುತ್ತದೆ.

ಹಾಗೆಂದು "ಹಳೆಯ ಗಾಡಿ, ಸದ್ದು ಇದ್ದೇ ಇರುತ್ತದೆ" ಎಂದು ಕಿವಿ ಮುಚ್ಚಿಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ಲೇ ಶಾಫ್ಟಿನ ಗಟ್ಟಿಗೊಳಿಸಿದ ಮೇಲ್ಮೈ ಒಮ್ಮೆ ಹಕ್ಕಳೆಯೆದ್ದರೆ ಆ ಉಕ್ಕಿನ ಚೂರುಗಳು ಎಣ್ಣೆಯಲ್ಲಿ ಸೇರಿ ಉಳಿದ ಬೇರಿಂಗುಗಳಿಗೂ ಹರಡುತ್ತವೆ. ಓವರ್‌ಡ್ರೈವ್ ಇರುವ ಕಾರಿನಲ್ಲಿ ಗೇರ್‌ಬಾಕ್ಸಿನ ಎಣ್ಣೆಯೇ ಅದಕ್ಕೂ ಎಣ್ಣೆ. ಅದರ ಸೂಕ್ಷ್ಮವಾದ ಪಂಪು, ಕವಾಟಗಳಿಗೆ ಈ ಚೂರುಗಳು ಶತ್ರು. ಮೊದಲು ಶಾಫ್ಟೂ ರೋಲರುಗಳೂ ಮಾತ್ರ ಬದಲಾಗಬೇಕಿದ್ದ ಕೆಲಸ, ಆರು ತಿಂಗಳು ಕಳೆದರೆ ಲೇ ಗೇರನ್ನೇ ನುಂಗುವ ಕೆಲಸವಾಗುತ್ತದೆ.

ಎಣ್ಣೆ ಸಾಕ್ಷಿ ಹೇಳುತ್ತದೆ. ಅದನ್ನು ಬಿಸಿಯಿರುವಾಗ ಸ್ವಚ್ಛವಾದ ಬಿಳಿಯ ಬಟ್ಟೆಯ ಮೂಲಕ ಸೋಸಿ ನೋಡಿ. ಬೂದಿಬಣ್ಣದ ನುಣ್ಣನೆಯ ಗಸಿ ವಯಸ್ಸಿನ ಲಕ್ಷಣ, ಚಿಂತೆಯಿಲ್ಲ. ಹಳದಿಯ ಮಿನುಗು ಕಂಚಿನ ಸಿಂಕ್ರೊ ಉಂಗುರಗಳದು. ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಹೊಳೆಯುವ ಹಕ್ಕಳೆಗಳು ಕಂಡರೆ ಇನ್ನು ತಡಮಾಡದೆ ಕಾರನ್ನು ನಿಲ್ಲಿಸಬೇಕು. ಮತ್ತೆ ತುಂಬುವಾಗ ಕೈಪಿಡಿ ಹೇಳಿದ ಎಣ್ಣೆಯನ್ನೇ ತುಂಬಬೇಕು. ಎಂ.ಜಿ.ಬಿ.ಯ ಗೇರ್‌ಬಾಕ್ಸಿಗೆ ಹಾಕುವುದು ಎಂಜಿನ್ ಆಯಿಲ್. ಸದ್ದು ಮುಚ್ಚಲೆಂದು ದಪ್ಪನೆಯ ಗೇರ್ ಆಯಿಲ್ ಸುರಿದರೆ ಸಾಕ್ಷಿಯ ಬಾಯಿ ಕಟ್ಟಿದಂತಾಗುತ್ತದೆಯೇ ಹೊರತು ರೋಗ ಗುಣವಾಗುವುದಿಲ್ಲ.

ಇಂಥ ಕಾರನ್ನು ಇಟ್ಟುಕೊಂಡಿರುವ ನನ್ನ ವಿದ್ಯಾರ್ಥಿಗಳು ಇನ್ನೂ ಒಂದಿಬ್ಬರು ಇದ್ದಾರೆಂದು ಬಲ್ಲೆ. ಅವರಿಗೆ ಒಂದು ಸಲಹೆ. ಕಾರು ಆರೋಗ್ಯವಾಗಿರುವಾಗಲೇ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಅದರ ಸಹಜವಾದ ಸದ್ದುಗಳನ್ನು ಗೇರಿಗೊಂದು ಸಾಲಿನಂತೆ ಬರೆದಿಡಿ; ಪ್ರತಿ ಸಲ ಎಣ್ಣೆ ಬದಲಿಸಿದಾಗ ದಿನಾಂಕ ಹಾಕಿ, ಬಟ್ಟೆಯ ಮೇಲೆ ಕಂಡದ್ದನ್ನು ಕೆಳಗೆ ಬರೆಯಿರಿ. ಹೊಸ ಸದ್ದು ಬಂದ ದಿನ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಆಧಾರವಿಲ್ಲ. ವರ್ಕ್‌ಶಾಪಿಗೆ ಹೋಗುವಾಗ ಕಾರಿನ ಬೀಗದ ಕೈಯ ಜೊತೆಗೆ ಆ ನೋಟ್‌ಬುಕ್ಕನ್ನೂ ಕೊಡಿ. ಅದನ್ನು ತೆರೆದು ಓದುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ; ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.